ಸ್ಪಷ್ಟನೆ: ಒಂದೇ ಓಣಿಯಲ್ಲಿ ಆರು ಪ್ರಕರಣ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಕ್ಲಸ್ಟರ್ ಅಲ್ಲ

ಕೊಪ್ಪಳದ ಒಂದೇ ಓಣಿಯಲ್ಲಿ ಆರು ಮಂದಿಗೆ ಕ್ಯಾನ್ಸರ್ ಬಂದಿದೆ, ಕಾರ್ಖಾನೆ ಹೊಗೆಯೇ ಕಾರಣವೆಂದು ಸಾಬೀತಾಗಿದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಆತಂಕ ಸಹಜ. ಆದರೆ ತಲೆ ಎಣಿಸಿದರೆ ಸಾಬೀತಾಗುವುದಿಲ್ಲ. ಕ್ಲಸ್ಟರ್ ಎಂದರೆ ಒಂದು ಜಾಗದಲ್ಲಿ, ಒಂದು ಅವಧಿಯಲ್ಲಿ ನಿರೀಕ್ಷೆಗಿಂತ ಹೆಚ್ಚು ಪ್ರಕರಣ ಕಾಣಿಸಿಕೊಳ್ಳುವುದು.

ಸ್ತನ, ಬಾಯಿ, ಗರ್ಭಕಂಠದ ಕ್ಯಾನ್ಸರ್‌ಗಳ ಕಾರಣಗಳೇ ಬೇರೆ ಬೇರೆ. ಒಟ್ಟು ಹಾಕಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಅಧ್ಯಯನದಲ್ಲಿ ಮೊದಲು ಬಯಾಪ್ಸಿ ವರದಿ ನೋಡಿ, ಗಡ್ಡೆ ಹುಟ್ಟಿದ ಅಂಗ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಯಕೃತ್ತಿಗೆ ಹರಡಿದ ಸ್ತನ ಕ್ಯಾನ್ಸರ್ ಯಕೃತ್ತಿನ ಲೆಕ್ಕಕ್ಕೆ ಬರುವುದಿಲ್ಲ. ಬಳಿಕ ಓಣಿಯ ಜನರ ವಯಸ್ಸು, ಲಿಂಗಕ್ಕೆ ತಕ್ಕಂತೆ ಕ್ಯಾನ್ಸರ್ ನೋಂದಣಿಯ (ಒಂದು ಪ್ರದೇಶದ ಪ್ರಕರಣಗಳನ್ನೆಲ್ಲ ದಾಖಲಿಸುವ ವ್ಯವಸ್ಥೆ) ದರ ಹಚ್ಚಿ ನಿರೀಕ್ಷಿತ ಸಂಖ್ಯೆ ತೆಗೆಯುತ್ತಾರೆ. ನಿರೀಕ್ಷೆ 4, ಕಂಡದ್ದು 6 ಎಂದುಕೊಳ್ಳಿ. ಅನುಪಾತ 1.5. ಆದರೆ ಶೇ 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಅನುಪಾತ ಇರಬಹುದಾದ ಅಂದಾಜು ಮಿತಿ) ಸುಮಾರು 0.55ರಿಂದ 3.27, ನಡುವೆ 1, ಅಂದರೆ ನಿರೀಕ್ಷೆಯಷ್ಟೇ ಎಂಬ ಅಂಕಿ, ಬರುವುದರಿಂದ ಇದು ಆಕಸ್ಮಿಕವೂ ಇರಬಹುದು. ರೋಗಿಗಳಿರುವ ಮನೆಗಳ ಸುತ್ತಲೇ ಗಡಿ ಗೆರೆ ಎಳೆದರೆ ಅನುಪಾತ ಸುಮ್ಮನೆ ಉಬ್ಬುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ.

ಹಾಗೆಂದು ಹೊಗೆ ನಿರಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲೇ ಹೊರಾಂಗಣ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅದಕ್ಕೇ ತನಿಖೆ ಕೇಳಿ, ಗಟ್ಟಿಯಾಗಿ ಕೇಳಿ. ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡುವ ಅರ್ಜಿಯಲ್ಲಿ ರೋಗ ಪತ್ತೆಯಾದ ವರ್ಷ, ಅಂಗ, ವಯಸ್ಸು, ಗುಟ್ಕಾ–ಬೀಡಿ ಅಭ್ಯಾಸ, ಅಲ್ಲಿ ಎಷ್ಟು ವರ್ಷದಿಂದ ವಾಸ ಎಂಬುದನ್ನು ಬರೆಯಿರಿ. ಊರು ಬಿಟ್ಟು ಹೋದವರನ್ನೂ ಸೇರಿಸಿ. ಶ್ವಾಸಕೋಶದಂಥ ಕ್ಯಾನ್ಸರ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 10 ವರ್ಷಕ್ಕೂ ಹೆಚ್ಚು ಹಿಡಿಯುವುದರಿಂದ, ಹೋದ ವರ್ಷ ಬಾಡಿಗೆಗೆ ಬಂದವರ ರೋಗವನ್ನು ಈ ಓಣಿಯ ಗಾಳಿಗೆ ಹಚ್ಚಲಾಗದು.