ಮೊದಲು ಸರ್ವೆ ರಿಪೋರ್ಟ್ ಓದಲು ಕಲಿಯಲಿ

ವಿಮೆ ಕೇಸುಗಳ ವಕೀಲರಾಗಬೇಕು ಅನ್ನುವವರು ಮೊದಲು ಆರ್ಬಿಟ್ರೇಷನ್ (ಕೋರ್ಟಿನ ಹೊರಗೆ ಮಧ್ಯಸ್ಥರಿಂದ ತಕರಾರು ತೀರಿಸಿಕೊಳ್ಳುವುದು) ಕಲಿಯಲಿ, ಉಳಿದಿದ್ದು ತಾನಾಗಿ ಬರುತ್ತೆ ಎಂದು ಬರೆದಿದ್ದೀರಿ. ಈ ಮಾತು ಒಪ್ಪಲು ಆಗುತ್ತಿಲ್ಲ ಸರ್. 2023ಕ್ಕೆ ಮುಂಚೆ ಬೆಂಕಿ ವಿಮೆಯಲ್ಲಿ ಸಾಮಾನ್ಯವಾಗಿ ಆರ್ಬಿಟ್ರೇಷನ್ ಇದ್ದದ್ದು ಎಷ್ಟು ಹಣ ಕೊಡಬೇಕು ಎಂಬ ತಕರಾರಿಗೆ ಮಾತ್ರ. ಕಂಪನಿ ಕ್ಲೇಮನ್ನೇ ತಿರಸ್ಕರಿಸಿದರೆ ಆ ದಾರಿ ಮುಚ್ಚಿತು ಅಂತಲೇ ಲೆಕ್ಕವಾಗಿತ್ತು. 2018ರಲ್ಲಿ ನರ್ಭೇರಾಮ್ ಪವರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. 2023ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ, ಜನಸಾಮಾನ್ಯರು ಕೊಳ್ಳುವ ರೀಟೇಲ್ ಪಾಲಿಸಿಗಳಿಂದ ಆರ್ಬಿಟ್ರೇಷನ್ ಷರತ್ತನ್ನೇ ತೆಗೆಸಿತು. ಹಾಗಿದ್ದ ಮೇಲೆ ಅದೊಂದನ್ನೇ ನಂಬಿ ವೃತ್ತಿ ಕಟ್ಟಲು ಆಗುತ್ತಾ?

ನಾನು ಜೂನಿಯರ್ ಆಗಿದ್ದಾಗ ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರೊಬ್ಬರು ಸುಟ್ಟ ನೂಲಿನ ಕೋನುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಆಫೀಸಿಗೆ ಬಂದಿದ್ದರು. ನಷ್ಟ ಅಳೆದು ರಿಪೋರ್ಟ್ ಕೊಡುವ ಸರ್ವೇಯರ್, ಸುಟ್ಟ ಸ್ಟಾಕಿನ ಲೆಕ್ಕವನ್ನು ಅರ್ಧಕ್ಕೆ ಇಳಿಸಿದ್ದರು. ನಮ್ಮ ಸೀನಿಯರ್ ಅವತ್ತು ಕಾನೂನು ಪುಸ್ತಕ ಮುಟ್ಟಲಿಲ್ಲ. ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟಿದ್ದ ಸ್ಟಾಕ್ ಸ್ಟೇಟ್‌ಮೆಂಟು, ಖರೀದಿ ಬಿಲ್ಲುಗಳನ್ನೆಲ್ಲ ನೆಲದ ಮೇಲೆ ಹರಡಿ, ಸರ್ವೆ ರಿಪೋರ್ಟಿನ ಒಂದೊಂದು ಸಾಲಿಗೂ ತಾಳೆ ನೋಡುತ್ತಾ ಕೂತರು. ಕೇಸು ನಿಂತಿದ್ದೇ ಆ ಕಾಗದಗಳ ಮೇಲೆ.

ಕ್ಲೇಮ್ ಹಣ ಕೊಡುವಾಗ ಕಂಪನಿ ಸಹಿ ಹಾಕಿಸಿಕೊಳ್ಳುವ ಡಿಸ್ಚಾರ್ಜ್ ವೋಚರ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ, ಅದು ಬೇಕಿತ್ತು. ‘ಪೂರ್ತಿ ಹಣ ಬಂತು’ ಎಂದು ಸಹಿ ಹಾಕಿಬಿಟ್ಟರೆ ಆಮೇಲೆ ಆರ್ಬಿಟ್ರೇಷನ್‌ಗೂ ಹೋಗುವುದು ಕಷ್ಟ. ಒತ್ತಾಯದಿಂದ ಸಹಿ ಹಾಕಿಸಿಕೊಂಡರು ಅಂತ ತೋರಿಸುವ ಹೊರೆ ಕಕ್ಷಿದಾರರ ತಲೆ ಮೇಲೆಯೇ ಬೀಳುತ್ತದೆ. ಸಹಿಗೆ ಮುಂಚೆಯೇ ನಮ್ಮ ಹತ್ತಿರ ಬನ್ನಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.