ಸೀಮೆಎಣ್ಣೆ ಒಂದೇ, ಬೆಂಕಿ ಎರಡು

ಪ್ರತಿ ವರ್ಷ ಜೂನ್ 14ರಂದು, ಅಂದರೆ ಅಮೆರಿಕದ ಧ್ವಜ ದಿನದಂದು, ಆ ದೇಶದ ಹಲವು ಊರುಗಳಲ್ಲಿ ರಾಷ್ಟ್ರಧ್ವಜವನ್ನು ಸುಡಲಾಗುತ್ತದೆ. ಒಂದೆರಡಲ್ಲ, ರಾಶಿಗಟ್ಟಲೆ. ಸುಡುವವರು ದೇಶದ್ರೋಹಿಗಳಲ್ಲ, ಮಾಜಿ ಸೈನಿಕರು. ಅವರ ಸಂಘಟನೆಯಾದ ಅಮೆರಿಕನ್ ಲೀಜನ್ 1937ರಲ್ಲೇ ಇದಕ್ಕೊಂದು ವಿಧಿಯನ್ನು ಗೊತ್ತುಮಾಡಿದೆ. ಮಾಸಿದ, ಹರಿದ ಬಾವುಟಗಳನ್ನು ತಂದು ಪದಾಧಿಕಾರಿಗಳ ಮುಂದೆ ಹಿಡಿಯುತ್ತಾರೆ, ಅವರು ಒಬ್ಬರಾದ ಮೇಲೊಬ್ಬರು ಪರೀಕ್ಷಿಸಿ, ಇವು ಸೇವೆಯಲ್ಲಿಯೇ ಸವೆದವೆಂದು ಒಪ್ಪುತ್ತಾರೆ, ಪ್ರಾರ್ಥನೆಯಾಗುತ್ತದೆ, ಆಮೇಲೆ ಬಾವುಟಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉರಿಯ ಮೇಲಿನ ಜಾಲರಿಗೆ ಏರಿಸುತ್ತಾರೆ, ಕಹಳೆ ಮೊಳಗುತ್ತದೆ, ಎಲ್ಲರೂ ಸೆಲ್ಯೂಟ್ ಮಾಡಿ ನಿಲ್ಲುತ್ತಾರೆ. ನೆರೆದವರ ಕಣ್ಣಲ್ಲಿ ನೀರು ಬಂದರೆ ಅದಕ್ಕೆ ಭಕ್ತಿಯಷ್ಟೇ ಹೊಗೆಯೂ ಕಾರಣವಿದ್ದೀತು.

1942ರಲ್ಲಿ ಕಾನೂನಿನ ರೂಪ ಪಡೆದ ಅಲ್ಲಿನ ಧ್ವಜ ಸಂಹಿತೆ ಹೇಳುವುದೂ ಇದನ್ನೇ: ಹಾರಿಸಲು ಯೋಗ್ಯವಾಗಿ ಉಳಿಯದ ಬಾವುಟವನ್ನು ಘನತೆಯಿಂದ ನಾಶಪಡಿಸಬೇಕು, ಆದಷ್ಟೂ ಸುಡುವುದೇ ಒಳ್ಳೆಯದು. ಬಾವುಟವು ಜೀವಂತ ರಾಷ್ಟ್ರವನ್ನು ಪ್ರತಿನಿಧಿಸುವುದರಿಂದ ಅದನ್ನೂ ಜೀವಂತ ವಸ್ತುವೆಂದೇ ಭಾವಿಸಬೇಕೆಂದು ಅದೇ ಸಂಹಿತೆಯಲ್ಲಿ ಬರೆದಿದೆ. ಜೀವಂತವಾದದ್ದನ್ನು ಸುಡುವುದು ಯಾವ ಘನತೆ ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ.

ಈಗ 1984ರ ಆಗಸ್ಟ್ ತಿಂಗಳಿಗೆ, ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರಕ್ಕೆ ಬನ್ನಿ. ರಿಪಬ್ಲಿಕನ್ ಪಕ್ಷದ ಅಧಿವೇಶನ ನಡೆಯುತ್ತಿದೆ. ಸುಮಾರು ನೂರು ಮಂದಿ ಪ್ರತಿಭಟನಕಾರರು ಘೋಷಣೆ ಕೂಗುತ್ತಾ ಬೀದಿ ಸುತ್ತುತ್ತಿದ್ದಾರೆ. ಅವರಲ್ಲೊಬ್ಬ ದಾರಿಯಲ್ಲಿ ಸಿಕ್ಕ ಕಟ್ಟಡವೊಂದರ ಕಂಬದಿಂದ ಬಾವುಟವನ್ನು ಇಳಿಸಿ ಗ್ರೆಗರಿ ಲೀ ಜಾನ್ಸನ್ ಎಂಬಾತನ ಕೈಗಿತ್ತ. ನಗರಸಭೆಯ ಮುಂದೆ ಜಾನ್ಸನ್ ಅದನ್ನು ಬಿಚ್ಚಿದ, ಸೀಮೆಎಣ್ಣೆ ಸುರಿದ, ಬೆಂಕಿ ಇಟ್ಟ. ಅದೇ ಬಾವುಟ, ಅದೇ ಸೀಮೆಎಣ್ಣೆ. ಕಹಳೆಯೊಂದು ಇರಲಿಲ್ಲ. ಜಾನ್ಸನ್‌ಗೆ ಒಂದು ವರ್ಷದ ಸೆರೆವಾಸ ಮತ್ತು 2,000 ಡಾಲರ್ ದಂಡ ವಿಧಿಸಲಾಯಿತು.

ಈ ಮೊಕದ್ದಮೆಯ ಒಂದು ಸೂಕ್ಷ್ಮ ನನಗೆ ಬಹಳ ಹಿಡಿಸಿದೆ. ಬಾವುಟ ಬೇರೆಯವರದು, ಕೇಳದೆ ಇಳಿಸಿ ತಂದದ್ದು. ಹಳ್ಳಿಯ ಪಂಚಾಯಿತಿಯ ಮುಂದಿಟ್ಟರೂ ಅದಕ್ಕೆ ಕಳ್ಳತನ ಎಂದೇ ಹೆಸರು. ಆದರೆ ಅಂದು ಬೀದಿಯಲ್ಲಿದ್ದ ಆ ನೂರು ಮಂದಿಯಲ್ಲಿ ಜಾನ್ಸನ್ ಒಬ್ಬನ ಮೇಲೆ ಮಾತ್ರ ಮೊಕದ್ದಮೆ ಹೂಡಲಾಯಿತು, ಅದೂ ಪೂಜ್ಯ ವಸ್ತುವನ್ನು ಅಪವಿತ್ರಗೊಳಿಸಿದ ಒಂದೇ ಆರೋಪದ ಮೇಲೆ. ಬಟ್ಟೆ ಕದ್ದದ್ದನ್ನು ಸರ್ಕಾರ ಗಮನಿಸಲಿಲ್ಲ, ಬಟ್ಟೆಯ ಮೂಲಕ ಹೇಳಿದ್ದನ್ನು ಗಮನಿಸಿತು. ಕೊನೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ಸರ್ಕಾರದ ಪರ ವಾದಿಸಿದವರು, ಜಾನ್ಸನ್ ಬಾವುಟ ಸುಟ್ಟದ್ದು ಅಭಿವ್ಯಕ್ತಿಯೇ ಎಂದು ವಾದದ ಮಟ್ಟಿಗೆ ಒಪ್ಪಿಕೊಂಡರು, ಹೀಗಿದ್ದೂ ಶಿಕ್ಷೆ ಸರಿಯೇ ಎಂದು ಪಟ್ಟು ಹಿಡಿದರು.

ಟೆಕ್ಸಾಸಿನ ಕಾನೂನನ್ನು ಓದಿದರೆ ಅವರ ಕಷ್ಟ ಅರ್ಥವಾಗುತ್ತದೆ. ಬೆಂಕಿ ಹಚ್ಚುವುದು ಆ ಕಾನೂನಿನ ಪ್ರಕಾರ ಅಪರಾಧವಾಗಿರಲಿಲ್ಲ. ಕಂಡವರಿಗೋ ಆಮೇಲೆ ಸುದ್ದಿ ತಿಳಿದವರಿಗೋ ತೀವ್ರವಾಗಿ ನೋವಾದೀತೆಂದು ಗೊತ್ತಿದ್ದೂ ಹಚ್ಚುವುದು ಅಪರಾಧವಾಗಿತ್ತು. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಎಂದು ನಮ್ಮ ಹಿರಿಯರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ಟೆಕ್ಸಾಸಿನ ಶಾಸನಸಭೆ ಕಲಮು, ಉಪಕಲಮುಗಳಲ್ಲಿ ಬರೆದಿತ್ತು. ಮಾಜಿ ಸೈನಿಕ ಸುಟ್ಟರೆ ಅದು ಸಂಸ್ಕಾರ. ಗಡ್ಡ ಬಿಟ್ಟ ಯುವಕ ಸುಟ್ಟರೆ ಅಪಚಾರ.

ಕಾನೂನನ್ನು ಟೀಕಿಸುವುದು ಸುಲಭ, ಜಾರಿಗೊಳಿಸುವುದು ಕಷ್ಟ. ಆದ್ದರಿಂದ ಬಾವುಟ ಸುಡುವುದನ್ನು ನಿಷೇಧಿಸಬೇಕೆನ್ನುವ ಸಜ್ಜನರಿಗೆ ನೆರವಾಗಲೆಂದು ನಾನೇ ಒಂದು ಸಣ್ಣ ಯೋಜನೆಯನ್ನು ಸಿದ್ಧಪಡಿಸಿದ್ದೇನೆ. ಪ್ರತಿ ಜಿಲ್ಲೆಗೂ ಒಬ್ಬ ಧ್ವಜದಹನ ಭಾವ ಪರಿವೀಕ್ಷಕನನ್ನು ನೇಮಿಸಬೇಕು. ಬಾವುಟ ಸುಡಬಯಸುವವನು ಮುಂಚಿತವಾಗಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಬೇಕು. ಬಾವುಟದ ವಯಸ್ಸು, ಸವೆದಿರುವ ಪ್ರಮಾಣ, ಸುಡುವ ಹೊತ್ತಿನಲ್ಲಿ ಅರ್ಜಿದಾರನ ಮನಸ್ಸಿನಲ್ಲಿ ಇರಲಿರುವ ಭಾವನೆ, ಇಷ್ಟನ್ನೂ ಅದರಲ್ಲಿ ತುಂಬಿರಬೇಕು. ಪರಿವೀಕ್ಷಕನು ಸ್ಥಳದಲ್ಲಿ ಹಾಜರಿದ್ದು ಹುಬ್ಬು, ತುಟಿ ಮತ್ತು ಗಂಟಲಿನ ಉಬ್ಬರವನ್ನು ಪರಿಶೀಲಿಸಿ, ದುಃಖವು ಸಾಕಷ್ಟಿದೆಯೆಂದು ದೃಢೀಕರಿಸಿದ ನಂತರವೇ ಬೆಂಕಿಕಡ್ಡಿ ಗೀರತಕ್ಕದ್ದು. ಗೌರವದಿಂದಲೇ ಸುಡಲು ಆರಂಭಿಸಿದವನಿಗೆ ಬಾವುಟ ಅರ್ಧ ಉರಿಯುವ ಹೊತ್ತಿಗೆ ತಾನು ಕಟ್ಟಬೇಕಾದ ತೆರಿಗೆಯ ನೆನಪಾಗಿ ಒಂದು ಬೈಗುಳ ಹೊರಟುಬಿಟ್ಟರೆ, ಉಳಿದರ್ಧವನ್ನು ತಕ್ಷಣ ಆರಿಸಿ ಸಾಕ್ಷ್ಯವಾಗಿ ವಶಪಡಿಸಿಕೊಳ್ಳಬೇಕು.

ಯೋಜನೆಯಲ್ಲಿ ಒಂದು ತೊಡಕು ಇದೆಯೆಂದು ಒಪ್ಪುತ್ತೇನೆ. 1966ರ ಜೂನ್ ತಿಂಗಳಲ್ಲಿ ಜೇಮ್ಸ್ ಮೆರೆಡಿತ್ ಎಂಬ ನಾಗರಿಕ ಹಕ್ಕುಗಳ ಹೋರಾಟಗಾರನ ಮೇಲೆ ಮಿಸಿಸಿಪ್ಪಿಯಲ್ಲಿ ಗುಂಡು ಹಾರಿಸಲಾಯಿತು. ರೇಡಿಯೋದಲ್ಲಿ ಆ ಸುದ್ದಿ ಕೇಳಿದ ನ್ಯೂಯಾರ್ಕಿನ ಒಬ್ಬ ಕಪ್ಪು ವ್ಯಕ್ತಿ ತನ್ನ ಮನೆಯ ಡ್ರಾಯರ್ ತೆರೆದು ಬಾವುಟವನ್ನು ಹೊರತೆಗೆದ. ರಾಷ್ಟ್ರೀಯ ಹಬ್ಬಗಳಲ್ಲಿ ಹಾರಿಸುತ್ತಿದ್ದ, ಒಪ್ಪವಾಗಿ ಮಡಚಿಟ್ಟಿದ್ದ ಬಾವುಟ. ಅದರಲ್ಲಿ 48 ನಕ್ಷತ್ರಗಳಿದ್ದವು. ದೇಶ ಆಗಲೇ 50ಕ್ಕೆ ಏರಿತ್ತು. ಬೀದಿಯ ಮೂಲೆಗೆ ಹೋಗಿ ಅದಕ್ಕೆ ಕಡ್ಡಿ ಗೀರಿದ. ಆತನ ದುಃಖವನ್ನು ನನ್ನ ಪರಿವೀಕ್ಷಕ ಯಾವ ಕಾಲಂನಲ್ಲಿ ಬರೆಯಬೇಕು? ಬಾವುಟ ಹಳೆಯದಾದ್ದರಿಂದ ವಿಲೇವಾರಿ ಎನ್ನಬಹುದಿತ್ತು, ಆದರೆ ಆತ ಬಾಯಿಬಿಟ್ಟು ಮಾತಾಡಿಬಿಟ್ಟಿದ್ದ. ಮೆರೆಡಿತ್‌ಗೆ ಹೀಗಾಗಲು ಬಿಡುವುದಾದರೆ ನಮಗೆ ಬಾವುಟ ಬೇಡ ಎಂದಿದ್ದ. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ಆತನ ಶಿಕ್ಷೆಯನ್ನು ರದ್ದುಪಡಿಸಿತು. ಶಿಕ್ಷೆ ಆ ಮಾತಿಗೂ ಆಗಿರುವ ಸಾಧ್ಯತೆ ಇದೆ, ಮಾತಿಗೆ ಶಿಕ್ಷೆ ಕೂಡದು ಎಂದಿತು. ಸುಟ್ಟದ್ದರ ಬಗ್ಗೆ ಏನೂ ತೀರ್ಮಾನಿಸದೆ, ಬಿಸಿ ಕೆಂಡವನ್ನು ಇಪ್ಪತ್ತು ವರ್ಷ ಬೂದಿಯಡಿ ಇಟ್ಟಿತು.

ಆ ಬೂದಿಯನ್ನು ಕೆದಕಿದ್ದು ಜಾನ್ಸನ್ ಮೊಕದ್ದಮೆ. 1989ರ ಜೂನ್ 21ರಂದು ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತು, ಇದು ಅಭಿವ್ಯಕ್ತಿಯೇ, ಸಂವಿಧಾನದ ಮೊದಲ ತಿದ್ದುಪಡಿಯ ರಕ್ಷಣೆ ಇದಕ್ಕೂ ಇದೆ ಎಂಬ ತೀರ್ಪು ಬಂತು. ಬಹುಮತದ ತೀರ್ಪು ಬರೆದವರು ಬ್ರೆನನ್. ಭಿನ್ನಮತ ಬರೆದ ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅವರು ಬಾವುಟ ಸುಡುವುದನ್ನು ಅರ್ಥವಿಲ್ಲದ ಗೊರಗುಟ್ಟುವಿಕೆಗೂ ಘರ್ಜನೆಗೂ ಹೋಲಿಸಿದರು. ಬಾವುಟದ ಮಹಿಮೆಯನ್ನು ವಿವರಿಸಲು ತಾವು ಮಾತ್ರ ಇಡೀ ಕವಿತೆಯೊಂದನ್ನು ತೀರ್ಪಿನೊಳಗೆ ತಂದು ಕೂರಿಸಿದರು. ಬಾವುಟದ ಪರವಾಗಿದ್ದರೆ ಕಾವ್ಯ, ವಿರುದ್ಧವಾಗಿದ್ದರೆ ಗೊರಗುಟ್ಟುವಿಕೆ. ಆ ಗೊರಗುಟ್ಟುವಿಕೆಯ ಅರ್ಥ ಮಾತ್ರ ಆಗ ಇಂಥ ಕಾನೂನುಗಳನ್ನು ಇಟ್ಟುಕೊಂಡಿದ್ದ 48 ರಾಜ್ಯಗಳಿಗೂ ಒಂದಕ್ಷರ ಬಿಡದೆ ತಿಳಿದಿತ್ತು.

ಬಹುಮತದ ಐವರಲ್ಲಿ ಬಲಪಂಥೀಯರ ಕಣ್ಮಣಿಯಾದ ಸ್ಕಾಲಿಯಾ ಕೂಡ ಇದ್ದರು. ತಾವು ರಾಜರಾಗಿದ್ದರೆ ಚಪ್ಪಲಿ ಮೆಟ್ಟಿದ, ಗಡ್ಡ ಬಿಟ್ಟ ಈ ವಿಚಿತ್ರ ಪ್ರಾಣಿಗಳನ್ನೆಲ್ಲ ಜೈಲಿಗೆ ಹಾಕುತ್ತಿದ್ದೆ, ಆದರೆ ತಾವು ರಾಜರಲ್ಲವಲ್ಲ ಎಂಬ ಅರ್ಥದಲ್ಲಿ ಅವರು ಮುಂದೆ ಹೇಳಿಕೊಂಡಿದ್ದುಂಟು. ತಾನು ರಾಜನಲ್ಲ ಎಂದು ನೆನಪಿಟ್ಟುಕೊಳ್ಳುವ ಶಕ್ತಿ ಎಲ್ಲ ಹುದ್ದೆಗಳಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ತೀರ್ಪು ಹೊರಬಿದ್ದ ಕೆಲವೇ ತಿಂಗಳಲ್ಲಿ ಅಮೆರಿಕದ ಸಂಸತ್ತು 1989ರ ಧ್ವಜ ಸಂರಕ್ಷಣಾ ಕಾಯ್ದೆಯನ್ನು ತಂದಿತು. ಹಳಸಿದ, ಕೊಳೆಯಾದ ಬಾವುಟದ ವಿಲೇವಾರಿಗೆ ಅದರಲ್ಲಿ ವಿನಾಯಿತಿ ಇತ್ತು, ಅಂದರೆ ಅತ್ತೆಯ ಹಕ್ಕನ್ನು ಎಚ್ಚರಿಕೆಯಿಂದ ಕಾಯ್ದಿರಿಸಲಾಗಿತ್ತು. ಬಾವುಟವನ್ನು ಉಳಿಸಲು ಬಂದ ಆ ಕಾಯ್ದೆ ಜಾರಿಯಾದ ಅಕ್ಟೋಬರ್ 28ರಂದೇ ಸಿಯಾಟಲ್ ನಗರದಲ್ಲಿ, ಎರಡು ದಿನ ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳ ಮೇಲೆಯೇ, ಅದನ್ನು ಮುರಿಯಲೆಂದೇ ಜನ ಬಾವುಟಗಳನ್ನು ಸುಟ್ಟರು. 1990ರ ಜೂನ್‌ನಲ್ಲಿ ಅದೇ ಐವರು, ಅದೇ ನಾಲ್ವರು ಆ ಕಾಯ್ದೆಯನ್ನೂ ತಳ್ಳಿಹಾಕಿದರು.

ಯಾವುದು ಬಾವುಟ ಎಂಬುದೂ ಸುಲಭದ ಪ್ರಶ್ನೆಯಲ್ಲ. ಅದಕ್ಕೂ ಮೊದಲಿನ, 1968ರ ಕಾನೂನು ಇದಕ್ಕೆ ಒಂದು ಅದ್ಭುತವಾದ ಅಳತೆಗೋಲನ್ನು ಕೊಟ್ಟಿತ್ತು: ಸಾಮಾನ್ಯ ಮನುಷ್ಯನೊಬ್ಬ ಆಲೋಚಿಸದೆ ನೋಡಿದಾಗ ಯಾವುದು ಬಾವುಟವೆಂದು ತೋರುತ್ತದೋ ಅದೂ ಬಾವುಟವೇ. ಆಲೋಚಿಸದಿರುವುದನ್ನು ಕಾನೂನೇ ಒಂದು ಅರ್ಹತೆಯನ್ನಾಗಿ ಗುರುತಿಸಿದ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ.

ಹಾಗೆ ಆಲೋಚಿಸದೆ ನೋಡಿದರೆ ಆ ದೇಶದಲ್ಲಿ ಬಾವುಟ ಕಾಣದ ಜಾಗವೇ ಇಲ್ಲ. ಉಡುಪಾಗಿ, ಹಾಸಿಗೆಯಾಗಿ ಬಳಸಬಾರದು, ಜಾಹೀರಾತಿಗೆ ಬಳಸಬಾರದು, ಒರೆಸಿ ಎಸೆಯುವ ಕಾಗದದ ಕರವಸ್ತ್ರಗಳ ಮೇಲೆ ಮುದ್ರಿಸಬಾರದು ಎಂದು ಧ್ವಜ ಸಂಹಿತೆ ಒಂದೊಂದನ್ನೂ ಹೆಸರಿಸಿ ಹೇಳುತ್ತದೆ. ಜುಲೈ 4ರ ಸ್ವಾತಂತ್ರ್ಯೋತ್ಸವದಂದು ಬಾವುಟದ ಚಡ್ಡಿ ತೊಟ್ಟ ದೇಶಭಕ್ತ ಬಾವುಟದ ಕುರ್ಚಿಯ ಮೇಲೆ ಕುಳಿತು, ಬಾವುಟದ ಕಾಗದದಿಂದ ಗಲ್ಲಕ್ಕೆ ಅಂಟಿದ ಸಾಸ್ ಒರೆಸಿ ಕಸದ ಡಬ್ಬಿಗೆ ಎಸೆಯುತ್ತಾನೆ. ಅವನ ಮೇಲೆ ಯಾರೂ ದೂರು ಕೊಡುವುದಿಲ್ಲ. 1970ರಲ್ಲಿ ಮ್ಯಾಸಚೂಸೆಟ್ಸ್‌ನ ಯುವಕನೊಬ್ಬ ಅಂಗೈಯಗಲದ ಬಾವುಟವನ್ನು ಪ್ಯಾಂಟಿನ ಹಿಂಭಾಗಕ್ಕೆ ಹೊಲಿಸಿಕೊಂಡದ್ದಕ್ಕೆ ಆರು ತಿಂಗಳ ಶಿಕ್ಷೆಯಾಗಿತ್ತು. ನಾಲ್ಕು ವರ್ಷದ ನಂತರ ಸರ್ವೋಚ್ಚ ನ್ಯಾಯಾಲಯ, ಕಾನೂನು ಅಸ್ಪಷ್ಟವಾಗಿದೆಯೆಂದು ಅವನನ್ನು ಬಿಟ್ಟಿತು. ಇಡೀ ಚಡ್ಡಿಯೇ ಬಾವುಟವಾದರೆ ದೇಶಪ್ರೇಮ, ತೇಪೆಯಷ್ಟಾದರೆ ಅವಮಾನ! ವಿಚಿತ್ರವೆಂದರೆ, 1897ರಿಂದ ರಾಜ್ಯಗಳು ಇಂಥ ಕಾನೂನುಗಳನ್ನು ಮಾಡತೊಡಗಿದ್ದು ಮುಖ್ಯವಾಗಿ ಬಾವುಟದ ಮೇಲೆ ಜಾಹೀರಾತು ಅಚ್ಚು ಹಾಕಿಸುತ್ತಿದ್ದ ವ್ಯಾಪಾರಿಗಳಿಗೆ ಮತ್ತು ತಮ್ಮ ಹೆಸರು ಬರೆಸುತ್ತಿದ್ದ ರಾಜಕಾರಣಿಗಳಿಗೆ ಹೆದರಿ. 1907ರಲ್ಲಿ ಈ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಮೊದಲು ಹೋದಾಗ ಕಟಕಟೆಯಲ್ಲಿದ್ದದ್ದು ಒಂದು ಬಿಯರ್ ಬಾಟಲಿ.

ನ್ಯಾಯಾಲಯ ಒಪ್ಪದಿದ್ದರೆ ಸಂವಿಧಾನವನ್ನೇ ತಿದ್ದೋಣ ಎಂಬ ಪ್ರಯತ್ನ ಮತ್ತೆ ಮತ್ತೆ ನಡೆಯಿತು. 2006ರಲ್ಲಿ ಸೆನೆಟ್‌ನಲ್ಲಿ 66 ಮತ ಪರವಾಗಿ, 34 ವಿರುದ್ಧವಾಗಿ ಬಿದ್ದು, ಬೇಕಾದ ಮೂರನೇ ಎರಡರಷ್ಟು ಬಹುಮತಕ್ಕೆ ಒಂದೇ ಒಂದು ಮತ ಸಾಲದೆ ತಿದ್ದುಪಡಿ ಬಿದ್ದುಹೋಯಿತು. ಸರ್ಕಾರ ಧರ್ಮವನ್ನು ಸ್ಥಾಪಿಸಕೂಡದು ಎನ್ನುವ ಸಂವಿಧಾನಕ್ಕೆ, ಒಂದು ಬಟ್ಟೆಯ ಪಾವಿತ್ರ್ಯಭಂಗವನ್ನು ನಿಷೇಧಿಸುವ ಅಧಿಕಾರವನ್ನು ಸೇರಿಸುವ ಪ್ರಸ್ತಾಪವದು.

ಬಾವುಟ ಸುಡುವುದನ್ನು ಕಂಡರೆ ನನಗೂ ಹೊಟ್ಟೆ ಉರಿಯುತ್ತದೆ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ. ಆದರೆ ಬರೀ ಬಟ್ಟೆ ಸುಟ್ಟರೆ ಮೂಗು ಉರಿಯುತ್ತದೆ. ಹೊಟ್ಟೆ ಉರಿಯಬೇಕಾದರೆ ಯಾರೋ ಏನನ್ನೋ ಹೇಳಿರಲೇಬೇಕು. ನಿಷೇಧ ಬೇಕೆನ್ನುವ ನನ್ನ ಮಿತ್ರರು ತಮ್ಮ ಹೊಟ್ಟೆಯುರಿಯನ್ನೇ ಸಾಕ್ಷಿಗೆ ಕರೆದು, ಅದು ಮಾತಲ್ಲವೆಂದು ಅದರ ಬಾಯಲ್ಲೇ ಹೇಳಿಸಲು ಹೊರಟಿದ್ದಾರೆ.

2025ರ ಆಗಸ್ಟ್ 25ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಈ ಬಗ್ಗೆ ಒಂದು ಆದೇಶಕ್ಕೆ ಸಹಿ ಹಾಕಿದರು. ಬಾವುಟ ಸುಟ್ಟರೆ ಒಂದು ವರ್ಷ ಜೈಲು ಎಂದು ಬಾಯಲ್ಲಿ ಹೇಳಿದರು. ಆದೇಶದ ಕಾಗದದಲ್ಲಿ ಅಂಥ ಶಿಕ್ಷೆ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಬಾವುಟ ಸುಡುವಾಗ ಬೇರೆ ಯಾವುದಾದರೂ ಕಾನೂನು ಮುರಿದಿದ್ದರೆ ಅದನ್ನು ಹುಡುಕಿ ಮೊಕದ್ದಮೆ ಹೂಡಿ ಎಂಬುದು ಅದರ ಸಾರ. ಅಂದೇ ಒಬ್ಬ ಮಾಜಿ ಸೈನಿಕ ಶ್ವೇತಭವನದ ಎದುರಿನ ಉದ್ಯಾನದಲ್ಲಿ ಬಾವುಟ ಸುಟ್ಟ. ಅವನನ್ನು ಬಂಧಿಸಿದ್ದು ಉದ್ಯಾನದಲ್ಲಿ ಬೆಂಕಿ ಹಚ್ಚಿದ್ದಕ್ಕಾಗಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಚಿಕಿತ್ಸೆ ಶ್ವೇತಭವನವನ್ನೂ ತಲುಪಿದೆಯೆಂದು ತಿಳಿದು ಸಂತೋಷವಾಯಿತು. ಗಮನಿಸಬೇಕಾದದ್ದು, ಈ ಸಲ ಸುಟ್ಟವನೂ ಮಾಜಿ ಸೈನಿಕನೇ. ಅತ್ತೆಯೇ ಸೊಸೆಯ ಸಾಲಿಗೆ ಹೋಗಿ ನಿಂತರೆ ಪರಿವೀಕ್ಷಕ ಏನು ಮಾಡಬೇಕೆಂದು ನನ್ನ ಯೋಜನೆಯಲ್ಲಿ ಬರೆದಿಲ್ಲ.

ಘನತೆಯ ದಹನಕ್ಕೂ ಈಗ ಒಂದು ಅಡ್ಡಿ ಬಂದಿದೆ. ಸಂಹಿತೆ ಬರೆದ ಕಾಲದ ಬಾವುಟ ಹತ್ತಿ, ಉಣ್ಣೆಯದು. ಇಂದಿನ ಬಹಳಷ್ಟು ಬಾವುಟಗಳು ನೈಲಾನ್ ಮತ್ತು ಪಾಲಿಯೆಸ್ಟರ್‌ನವು. ಅವು ಗಂಭೀರವಾಗಿ ಬೂದಿಯಾಗುವುದಿಲ್ಲ. ಮುದುಡಿ, ಕರಗಿ, ತೊಟ್ಟಿಕ್ಕಿ, ಕೆಟ್ಟ ಹೊಗೆ ಬಿಟ್ಟು, ಕೊನೆಗೆ ಕರಿಯ ಗಟ್ಟಿಯಾಗಿ ಜಾಲರಿಗೆ ಅಂಟಿಕೊಳ್ಳುತ್ತವೆ. ಸೆಲ್ಯೂಟ್ ಮಾಡಿ ನಿಂತವರು ಕೆಮ್ಮುತ್ತಾರೆ. ಕೆಮ್ಮು ಗೊರಗುಟ್ಟುವಿಕೆಯೋ, ಕಾವ್ಯವೋ, ಅದನ್ನೂ ಪರಿವೀಕ್ಷಕನೇ ನಿರ್ಧರಿಸಲಿ.

ಇಷ್ಟೆಲ್ಲ ಆದಮೇಲೂ ನನ್ನ ಅರ್ಜಿ ನಮೂನೆಯಲ್ಲಿ ಒಂದು ಕಾಲಂ ಖಾಲಿ ಉಳಿದಿದೆ. 1984ರಲ್ಲಿ ಡಲ್ಲಾಸಿನ ಗದ್ದಲವೆಲ್ಲ ಮುಗಿದು ಪ್ರತಿಭಟನಕಾರರು ಚದುರಿದ ಮೇಲೆ, ಅಲ್ಲೇ ನಿಂತು ಎಲ್ಲವನ್ನೂ ನೋಡಿದ್ದ ಒಬ್ಬಾತ ಬಾವುಟದ ಸುಟ್ಟ ಚೂರುಗಳನ್ನು ಆರಿಸಿಕೊಂಡು ಹೋಗಿ ತನ್ನ ಮನೆಯ ಹಿತ್ತಲಲ್ಲಿ ಹೂಳಿದ. ಅವನು ಅರ್ಜಿ ಹಾಕಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಒಂದೇ ಬಾವುಟಕ್ಕೆ ಒಂದೇ ದಿನ ಬೈಗುಳವೂ ಸಿಕ್ಕಿತು, ಸಂಸ್ಕಾರವೂ ಸಿಕ್ಕಿತು. ಹೂಳಬಹುದೇ ಎಂಬ ಬಗ್ಗೆ ಧ್ವಜ ಸಂಹಿತೆಯಲ್ಲಿ ಒಂದಕ್ಷರವೂ ಇಲ್ಲ. ಪರಿವೀಕ್ಷಕ ಗುದ್ದಲಿ ಹಿಡಿದು ಆ ಹಿತ್ತಲಿಗೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಾ ಕುಳಿತಿದ್ದೇನೆ.