ಎಐ ಟ್ಯೂಟರ್ ಬಂದರೆ ಮಾಸ್ತರು ಬೇಡವಾ?

ಸಿಂಧನೂರು, ಮಾನ್ವಿ ಕಡೆಯ ಪಾಲಕರ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತಲೇ ಇದೆ. ಎಐ ಟ್ಯೂಟರ್ ಇದ್ದರೆ ಮಗು ತರಗತಿಯ ಶೇ 98ರಷ್ಟು ಮಕ್ಕಳನ್ನು ಹಿಂದೆ ಹಾಕುತ್ತದೆ, ಶಿಕ್ಷಕರು ಬೇಕಿಲ್ಲ ಎನ್ನುತ್ತದೆ ಅದು. ಕಳಿಸುವವರಿಗೆ ಮಕ್ಕಳ ಕಾಳಜಿಯೇ ಇರುತ್ತದೆ. ಆದರೆ ಮಾತು ತಪ್ಪು.

ಆ 98 ಬಂದದ್ದು 1984ರ ಅಮೆರಿಕದ ಒಂದು ಪ್ರಬಂಧದಿಂದ. ಅಲ್ಲಿ ಮಕ್ಕಳ ಪಕ್ಕ ಕೂತು ಹೇಳಿಕೊಟ್ಟವರು ಮನುಷ್ಯರೇ. ಆಗ ಈಗಿನಂಥ ಎಐ ಎಲ್ಲಿತ್ತು ಅಲ್ವಾ?

ಟರ್ಕಿಯ ಪ್ರೌಢಶಾಲೆ ಮಕ್ಕಳ ಮೇಲೆ ಗಣಿತದ ಪ್ರಯೋಗವೊಂದು ನಡೆದಿತ್ತು. ಕೇಳಿದ್ದಕ್ಕೆ ಉತ್ತರ ಕೊಡುವ ಎಐ ಚಾಟ್‌ಬಾಟ್ ಇದ್ದಾಗ ಅಭ್ಯಾಸದ ಲೆಕ್ಕಗಳಲ್ಲಿ ಅಂಕ ಶೇ 48 ಜಾಸ್ತಿ. ಅದಿಲ್ಲದೆ ಪರೀಕ್ಷೆ ಬರೆದಾಗ, ಮೊದಲಿಂದಲೂ ಅದನ್ನು ಬಳಸದ ಮಕ್ಕಳಿಗಿಂತ ಶೇ 17 ಕಡಿಮೆ. ಉತ್ತರದ ಬದಲು ಸುಳಿವು ಕೊಡುವ ಎಐ ಬಳಸಿದವರಲ್ಲಿ ಈ ನಷ್ಟ ಬಹುತೇಕ ಕಾಣಲಿಲ್ಲ. ಆ ಸುಳಿವುಗಳ ಹಿಂದೆ ಶಿಕ್ಷಕರ ಕೈ ಇತ್ತು.

ನಮ್ಮ ಪಕ್ಕದ ಮನೆ ಹುಡುಗಿ ಭಿನ್ನರಾಶಿ ಲೆಕ್ಕವನ್ನು ಸುಮ್ನೆ ಫೋನ್ ನೋಡಿ ಬರೆದಿದ್ದಳು. ಮರುದಿನ ಬೋರ್ಡಿನ ಮುಂದೆ, ಛೇದದ ಹತ್ತಿರ ಸೀಮೆಸುಣ್ಣ ನಿಂತುಬಿಟ್ಟಿತು. ಅವಳ ಮುಖ ನೋಡಿದ ಟೀಚರ್ ಬುತ್ತಿಯಿಂದ ಜೋಳದ ರೊಟ್ಟಿ ತೆಗೆದು ನಾಲ್ಕು ತುಂಡು ಮಾಡಿ ತೋರಿಸಿದರು.

ಇಂಥ ಸಂದೇಶ ಬಂದರೆ ಅದರ ಅಂಕಿಯ ಮೂಲ ಹುಡುಕಿ. ಪಾಠ ಹೇಳಿದ್ದು ಯಾರು, ಪರೀಕ್ಷೆಯಲ್ಲಿ ಫೋನ್ ಇತ್ತಾ ನೋಡಿ. ಮನೆಯಲ್ಲಾದರೆ ಆ್ಯಪ್‌ನಲ್ಲಿ ಮಾಡಿದ ಲೆಕ್ಕವನ್ನೇ ಸಂಖ್ಯೆ ಬದಲಿಸಿ, ಫೋನ್ ಪಕ್ಕಕ್ಕಿಟ್ಟು ಮಾಡಿಸಿ.